ಬೆವರಿಗೆ ಏರುವ ಶ್ರುತಿ

ಮಾದಪ್ಪನ ಬೆಟ್ಟದ ಕಡೆಯ ಮಾರ್ಟಳ್ಳಿಯಲ್ಲಿ ಸಂಜೆ ಆರೂವರೆ ಎಂದಿಟ್ಟುಕೊಳ್ಳಿ. ರಸ್ತೆಗೆ ಬಾಯಿ ತೆರೆದ ಒಂದು ರಿಪೇರಿ ಅಂಗಡಿ, ಒಳಗೊಂದು ಮರದ ಸ್ಟೂಲು, ಸ್ಟೂಲಿನ ಮೇಲೆ ನೀವು. ಎದುರಿನ ಮೇಜಿನ ಮೇಲೆ ಕೆಂಪು ಪ್ಲಾಸ್ಟಿಕ್ಕಿನ ಆಟಿಕೆ ಕೀಬೋರ್ಡೊಂದು ಬೋರಲು ಮಲಗಿದೆ. ಅದರ ಬೆನ್ನಿನ ಸ್ಕ್ರೂಗಳನ್ನು ಬಿಚ್ಚಬೇಕಾದವರು ನೀವೇ. ಸ್ಟಾರ್ ಸ್ಕ್ರೂಡ್ರೈವರಿನ ಹಿಡಿಗೆ ಯಾರದೋ ವರ್ಷಗಳ ಜಿಡ್ಡು ಅಂಟಿದೆ. ಮೂಗಿಗೆ ಮೊದಲು ಬರುವುದು ಸೋಲ್ಡರಿಂಗ್ ಪೇಸ್ಟಿನ ರಾಳದ ಘಾಟು, ಆಮೇಲೆ ಮೂಲೆಯಲ್ಲಿರುವ ಮಿಕ್ಸಿ ಮೋಟರಿನ ಸುಟ್ಟ ವಾರ್ನಿಷ್, ಅದರ ಹಿಂದಿನಿಂದ ಪಕ್ಕದಂಗಡಿಯ ಬೋಂಡದ ಎಣ್ಣೆ.

ಮೇಜಿನಂಚನ್ನು ಎರಡೂ ಕೈಯಲ್ಲಿ ಹಿಡಿದು ಕೀಬೋರ್ಡಿನ ಒಡೆಯ ನಿಂತಿದ್ದಾನೆ. ನಾಲ್ಕನೇ ಕ್ಲಾಸಿನ ಹುಡುಗ. ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಹೋದಾಗ ಅತ್ತು ಕೊಡಿಸಿಕೊಂಡದ್ದು ಇದು.

"ಕೆಟ್ಟೋದ್ರೆ?" ಎಂದು ನಿಮ್ಮನ್ನಲ್ಲ, ಅಂಗಡಿಯವರನ್ನು ಕೇಳುತ್ತಾನೆ.

"ಕೆಟ್ಟೋದ್ರೆ ಸಾರು ಹೊಸುದು ಕೊಡುಸ್ತಾರೆ ಕಲಾ, ಸುಮ್ಕಿರು."

ನೀವು ತಲೆಯಾಡಿಸುತ್ತೀರಿ. ಕೊಡಿಸುವುದು ದೊಡ್ಡ ಮಾತಲ್ಲ. ಆದರೆ ಮುಂದಿನ ಜಾತ್ರೆ ಶಿವರಾತ್ರಿಗೆ. ಅಲ್ಲಿಯವರೆಗೆ ಹುಡುಗನಿಗೆ ಸದ್ದಿಲ್ಲ. ಆ ಲೆಕ್ಕ ಅವನ ಮುಖದಲ್ಲಿ ಕಾಣುತ್ತಿದೆ. ನಿಮ್ಮ ಅಂಗೈಯ ಮೊದಲ ಬೆವರು ಬಂದದ್ದು ಸೆಕೆಯಿಂದಲ್ಲ.

ಬಿಚ್ಚುವ ಮೊದಲು ಅವನೇ ಡೆಮೊ ಗುಂಡಿ ಒತ್ತಿ ಕೇಳಿಸುತ್ತಾನೆ: ಒಂದು ಕ್ರಿಸ್ಮಸ್ ಹಾಡಿನ ಧಾಟಿ, ತೆಳ್ಳಗೆ, ಮೂಗಿನಲ್ಲಿ. ಚೀನಾದಲ್ಲಿ ಯಾರೋ ಚಿಪ್ಪಿಗೆ ತುಂಬಿ ಕಳಿಸಿದ ಧಾಟಿ ಶಿವನ ಜಾತ್ರೆಯ ಅಂಗಡಿಯಿಂದ ಹೊರಟು ಈ ಕ್ರೈಸ್ತರ ಊರಿಗೆ ಬಂದು ಸೇರಿದೆ. ಹುಡುಗ ಅದನ್ನು ತುಟಿಯಲ್ಲೇ ಗುನುಗುತ್ತಾನೆ. ಈ ಧಾಟಿಯನ್ನು ನೆನಪಿಟ್ಟುಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ಅದು ಅಳೆಯುವ ಕೋಲು. ಎಷ್ಟು ಬಾಗಿಸಿದಿರಿ ಎಂದು ಅದೇ ಹೇಳಬೇಕು.

ಮುಚ್ಚಳ ಎತ್ತುತ್ತೀರಿ. ಒಳಗೆ ಇಷ್ಟೇನಾ ಅನಿಸುತ್ತದೆ. ಕೀಲಿಗಳ ಕೆಳಗೆ ಕರಿ ಚುಕ್ಕೆಗಳ ರಬ್ಬರ್ ಪಟ್ಟಿ, ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಸ್ಪೀಕರು, ಮೂರು ಪೆನ್ಸಿಲ್ ಸೆಲ್ಲಿನ ಗೂಡು, ಅಂಗೈಯಗಲದ ಒಂದು ಬೋರ್ಡು. ಬೋರ್ಡಿನ ನಡುವೆ ಕರಿಯದೊಂದು ಗುಬುಟು, ಪಾಕ ಹದವಾಯಿತೇ ಎಂದು ನೋಡಲು ತಟ್ಟೆಗೆ ಬಿಟ್ಟ ಬೆಲ್ಲದ ಹನಿಯಂಥದ್ದು. ಚಿಪ್ಪು ಅದರೊಳಗೆ ಹೂತಿದೆ. ಅದಕ್ಕೆ ಕಾಲಿಲ್ಲ, ನಂಬರಿಲ್ಲ, ಹೆಸರಿಲ್ಲ. 1980ರ ದಶಕದ ಕ್ಯಾಸಿಯೊ ಎಸ್‌ಕೆ-1ರಂಥ ಕೀಬೋರ್ಡುಗಳಲ್ಲಿ ಚಿಪ್ಪುಗಳು ಬೇರೆಬೇರೆಯಾಗಿ, ಕಾಲು ಚಾಚಿ ಕೂತಿರುತ್ತಿದ್ದವು. ಯಾವ ಕಾಲಿನಿಂದ ಯಾವ ಕಾಲಿಗೆ ವೈರು ಹಾಕಿದರೆ ಏನಾಗುತ್ತದೆಂದು ಜನ ನಕ್ಷೆ ಬರೆದು ಹಂಚಿಕೊಂಡರು. ಈ ಬೋರ್ಡಿಗೆ ನಕ್ಷೆಯಿಲ್ಲ. ಕಿವಿ ಇದೆ, ಬೆರಳಿದೆ, ಅಷ್ಟೇ.

ಸೆಲ್ ಹಾಕಿ. ಹೌದು, ಹೊಟ್ಟೆ ತೆರೆದಿರುವಾಗಲೇ. ಜೀವವಿರುವಾಗಲೇ ಮುಟ್ಟಬೇಕಾದ ಕೆಲಸ ಇದು, ಅದಕ್ಕೇ ಸೆಲ್ಲಿನ ಆಟಿಕೆಯೇ ಆಗಬೇಕು. ಮೂರು ಸೆಲ್ಲಿನ ನಾಲ್ಕೂವರೆ ವೋಲ್ಟ್ ನಿಮ್ಮ ಚರ್ಮಕ್ಕೆ ತಿಳಿಯುವುದೂ ಇಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದೊಡ್ಡ ಕೀಬೋರ್ಡಿನ ಕಡೆಗೆ ಕಣ್ಣು ಹಾಯಿಸಬೇಡಿ. ಅಲ್ಲಿ 230 ವೋಲ್ಟ್ ಕಾದಿದೆ, ಪ್ಲಗ್ ಎಳೆದ ಮೇಲೂ ಕಂಡೆನ್ಸರಿನಲ್ಲಿ ಒಂದಿಷ್ಟು ಉಳಿದಿರುತ್ತದೆ.

"ಸಾ, ಎಲ್ಲ್ ಬೇಕಾರ ಮುಟ್ಟಿ. ಪ್ಲಸ್ಸು ಮೈನಸ್ಸು ಮಾತ್ರ ಒಟ್ಗೆ ತಾಗುಸ್ಬ್ಯಾಡಿ. ಬೋರ್ಡು ಸೀದೋಯ್ತದೆ."

ಇದೊಂದೇ ಶಾಸ್ತ್ರ. ಸೆಲ್ಲಿನಿಂದ ಬರುವ ಕೆಂಪು ವೈರು, ಕಪ್ಪು ವೈರು ಬೋರ್ಡು ಸೇರುವ ಮೂಲೆಯನ್ನು ಅವರು ಮಾರ್ಕರಿನಿಂದ ಸುತ್ತು ಹಾಕಿ ತೋರಿಸುತ್ತಾರೆ. ಆ ಸುತ್ತಿನಾಚೆಗೆ ಎಲ್ಲವೂ ನಿಮ್ಮದು.

ಬೆರಳು ಇಳಿಸಿ. ತಾಮ್ರದ ಗೆರೆಗಳ ಮೇಲೆ ಸೀಸದ ಸಣ್ಣ ಬೊಟ್ಟುಗಳು, ತುದಿ ಚುಚ್ಚುತ್ತವೆ. ಡೆಮೊ ಓಡುತ್ತಿರಲಿ. ಇಲ್ಲಿ ಏನೂ ಇಲ್ಲ. ಇಲ್ಲೂ ಇಲ್ಲ. ಇಲ್ಲಿ ಸ್ವಲ್ಪ ಗೊರಗೊರ. ಇನ್ನೊಂದು ಬೊಟ್ಟಿನಷ್ಟು ಸರಿಯಿರಿ. ಹಾಡು ಚಕ್ಕನೆ ಮೇಲಕ್ಕೆ ಹಾರುತ್ತದೆ!

ಹುಡುಗನ ಕೈ ಮೇಜಿನಂಚು ಬಿಟ್ಟಿದೆ. ನೀವು ಬೆರಳು ಎತ್ತುತ್ತೀರಿ, ಹಾಡು ತನ್ನ ಜಾಗಕ್ಕೆ ಇಳಿಯುತ್ತದೆ. ಮತ್ತೆ ಇಡುತ್ತೀರಿ, ಏರುತ್ತದೆ. ಬೆರಳಿಗೆ ಎಂಜಲು ಸೋಕಿಸಿ ಇಟ್ಟರೆ ಇನ್ನೂ ಮೇಲಕ್ಕೆ ಹೋಗಿ ಕೀರಲಾಗುತ್ತದೆ, ತಾಳ ಓಟ ಕೀಳುತ್ತದೆ. ನಿಮ್ಮ ಬೆರಳ ಕೆಳಗಿರುವುದು ಜೀರಿಗೆ ಗಾತ್ರದ ಒಂದು ರೆಸಿಸ್ಟರ್. ಅಂಗಡಿಯವರು ಕನ್ನಡಕ ಏರಿಸಿ ಅದರ ಬಣ್ಣ ಓದುತ್ತಾರೆ: ಕೆಂಪು, ಕೆಂಪು, ಹಳದಿ. 220 ಕಿಲೋ ಓಮ್. ಚಿಪ್ಪಿನ ನಾಡಿ ಎಷ್ಟು ಬೇಗ ಬಡಿಯಬೇಕೆಂದು ಹೇಳುವುದು ಇದೊಂದೇ. ಎಲ್ಲ ಸ್ವರ, ಎಲ್ಲ ತಾಳ ಈ ನಾಡಿಯನ್ನು ಭಾಗಿಸಿ ಹುಟ್ಟಿದವು. ಇದರ ಎರಡೂ ಕಾಲಿಗೆ ಬೆರಳು ತಾಗಿದಾಗ ಕರೆಂಟಿಗೆ ನಿಮ್ಮ ಚರ್ಮದ ಮೂಲಕ ಇನ್ನೊಂದು ದಾರಿ ಸಿಕ್ಕಿತು. ಅಡ್ಡಿ ಕಡಿಮೆಯಾಯಿತು, ನಾಡಿ ಓಡಿತು.

ಕಿವಿಯಲ್ಲಿ ಗುಂಯ್ ಎನ್ನುವ ಇನ್ನೊಂದು ನಡುಕವೂ ಕೇಳುತ್ತಿದೆಯೇ? ಅದು ಆಟಿಕೆಯದಲ್ಲ. ಗೋಡೆಯೊಳಗಿನ ವೈರಿನಲ್ಲಿ ಸೆಕೆಂಡಿಗೆ 50 ಸಲ ಅದುರುವ ಕರೆಂಟನ್ನು ನಿಮ್ಮ ಮೈ ಗಾಳಿಯಿಂದಲೇ ಹಿಡಿದು ಬೆರಳಿನಿಂದ ಒಳಗೆ ಬಿಡುತ್ತಿದೆ.

ಸರ್ಕ್ಯೂಟ್ ಬೆಂಡಿಂಗ್ ಎನ್ನುತ್ತಾರೆ ಇದಕ್ಕೆ. ಹೆಸರಿಟ್ಟವರು ಅಮೆರಿಕದ ಸಿನ್ಸಿನಾಟಿಯ ರೀಡ್ ಗಜಾಲಾ. 1966ರ ಸುಮಾರಿಗೆ, ಹದಿಹರೆಯದಲ್ಲಿ, ಹಿಂಬದಿ ತೆರೆದ ಪುಟ್ಟ ಆಂಪ್ಲಿಫೈಯರನ್ನು ಆರಿಸದೆ ಮೇಜಿನ ಡ್ರಾಯರಿಗೆ ತಳ್ಳಿದ್ದರು. ಒಳಗಿದ್ದ ಲೋಹದ ಸಾಮಾನು ಬೋರ್ಡಿಗೆ ತಗುಲಿ, ಡ್ರಾಯರಿನೊಳಗಿಂದ ಯಾರೂ ನುಡಿಸದ ಸದ್ದು ಏಳತೊಡಗಿತು. ಹೆಸರು ಅಚ್ಚಾದದ್ದು 1992ರಲ್ಲಿ, ಒಂದು ವಾದ್ಯಪತ್ರಿಕೆಯಲ್ಲಿ. ಈ ಎರಡು ವರ್ಷಗಳ ನಡುವೆ ನಮ್ಮ ಕಡೆಯ ಸಂಗತಿ ನೋಡಿ: 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೊಳಲು ನುಡಿಸುವ ಇಂಜಿನಿಯರ್ ಜಿ. ರಾಜ್ ನಾರಾಯಣ್, ರಾಡೆಲ್ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಕಚೇರಿ ಮುಗಿಯುವವರೆಗೂ ಅಲುಗದ ಶ್ರುತಿ. ನಿಮ್ಮ ಬೆರಳು ಈಗ ಹುಡುಕುತ್ತಿರುವುದು ಅಲುಗುವ ಜಾಗ. ಎರಡೂ ಕೆಲಸಕ್ಕೆ ಬೇಕಾದ ಕಿವಿ ಒಂದೇ ಎಂದು ನನ್ನ ನಂಬಿಕೆ.

ಈಗ ವೈರು. ಎರಡೂ ತುದಿ ಸುಲಿದ ಗೇಣುದ್ದದ ತಂತಿ. ಒಂದು ತುದಿಯನ್ನು ಗುಬುಟಿನಿಂದ ಹೊರಟ ಒಂದು ಗೆರೆಗೆ ಒತ್ತಿ ಹಿಡಿಯಿರಿ, ಇನ್ನೊಂದರಿಂದ ಉಳಿದ ಗೆರೆಗಳನ್ನು ಒಂದೊಂದಾಗಿ ಸೋಕಿಸುತ್ತ ಹೋಗಿ. ತಾಳ ಮಗುಚುತ್ತದೆ. ಪಿಯಾನೊ ಸದ್ದು ಹೋಗಿ ಕರ್ರನೆ ಕೊರೆಯುವ ಇನ್ನೇನೋ ಬರುತ್ತದೆ. ಒಂದು ಸ್ವರ ಸಿಕ್ಕಿಕೊಂಡು, ಕೀಲಿ ಬಿಟ್ಟರೂ ನಿಲ್ಲದೆ, ಉದ್ದಕ್ಕೆ ಹರಿಯುತ್ತದೆ. ಹುಡುಗ ಕಿಲಕಿಲ ನಗುತ್ತಾನೆ. ನಿಮಗೂ ಸಲಿಗೆ ಬರುತ್ತದೆ. ಮುಂದಿನ ಗೆರೆ. ಅದರ ಮುಂದಿನದು. ಮಾರ್ಕರಿನ ಸುತ್ತಿಗೆ ಬಲು ಹತ್ತಿರ, ಆದರೂ ಸುತ್ತಿನಾಚೆಗೇ. ತಂತಿಯ ತುದಿ ತಾಗುತ್ತದೆ.

ಟಕ್.

ಸದ್ದಿಲ್ಲ. ಡೆಮೊ ಗುಂಡಿ ಒತ್ತುತ್ತೀರಿ, ಇಲ್ಲ. ಕೀಲಿ ಒತ್ತುತ್ತೀರಿ, ಇಲ್ಲ. ಪಕ್ಕದ ಕೀಲಿ, ಇಲ್ಲ. ನಿಮ್ಮ ಮೂಗು ತಾನಾಗಿ ಬೋರ್ಡಿನ ಹತ್ತಿರ ಹೋಗಿದೆ, ಸುಟ್ಟ ವಾಸನೆಗಾಗಿ. ರಾಳದ ಘಾಟಿನಲ್ಲಿ ಏನೂ ತಿಳಿಯುವುದಿಲ್ಲ. ಗುಬುಟನ್ನು ಮುಟ್ಟಿ ನೋಡುತ್ತೀರಿ: ಬಿಸಿಯೇ? ನಿಮ್ಮ ಬೆರಳೇ ಬಿಸಿಯೇ? ಹುಡುಗ ನಗು ನಿಲ್ಲಿಸಿದ್ದಾನೆ. ಅವನ ಕಡೆ ನೋಡಬೇಡಿ.

"ಸೆಲ್ಲು ತಗೀರಿ," ಎನ್ನುತ್ತಾರೆ ಅಂಗಡಿಯವರು. ತೆಗೆಯುತ್ತೀರಿ. "ಈಗ ಯಾವ್ದಾರ ಕೀ ಒತ್ಕಂಡೇ ಇರಿ. ಕಂಡೆನ್ಸರ್‌ನಾಗೆ ಇರಾದು ಖಾಲಿಯಾಗ್ಲಿ." ಒತ್ತಿ ಹಿಡಿಯುತ್ತೀರಿ. ಚಿಪ್ಪು ಸತ್ತಿರಬಹುದು, ಅಥವಾ ಗೊತ್ತುಗುರಿಯಿಲ್ಲದ ಲೆಕ್ಕದಲ್ಲಿ ಸಿಕ್ಕಿಬಿದ್ದಿರಬಹುದು. ಹೊರಗಿನಿಂದ ಎರಡೂ ಒಂದೇ. ರಸ್ತೆಯಲ್ಲಿ ಕೌದಳ್ಳಿ ಕಡೆಯ ಬಸ್ಸು ಬಂದು, ಇಳಿಸಿ, ಹೊರಟು ಹೋಗುವಷ್ಟು ಹೊತ್ತು. ಸೆಲ್ ಹಾಕುತ್ತೀರಿ. ಕೈ ಅದುರಿ ಒಂದು ಸೆಲ್ ಉಲ್ಟಾ ಹೋಗುತ್ತದೆ, ಅಂಗಡಿಯವರು ಏನೂ ಹೇಳದೆ ತಿರುಗಿಸಿಡುತ್ತಾರೆ. ಗುಂಡಿ.

ಹಾಡು ಬರುತ್ತದೆ, ಏನೂ ಆಗಿಲ್ಲದವರ ಗತ್ತಿನಲ್ಲಿ, ಮೊದಲಿನಿಂದ.

ಕೆಡಿಸುವುದೇ ಕಲೆ ಎಂದು ಭಾಷಣ ಮಾಡುವವರನ್ನು ಈ ಸ್ಟೂಲಿನ ಮೇಲೆ, ಈ ಹುಡುಗನ ಎದುರಿಗೆ ಒಮ್ಮೆ ಕೂರಿಸಬೇಕು. ರಿಪೇರಿಯವನ ಅಳುಕಿಲ್ಲದವನ ಕೈಗೆ ವೈರು ಕೊಡಬಾರದು.

ಮುಂದಿನದು ನಿರ್ಧಾರ. ರೆಸಿಸ್ಟರಿನ ಎರಡೂ ಕಾಲು ಸೇರುವ ತಾಮ್ರದ ಗೆರೆಗಳಿಗೆ ಒಂದೊಂದು ಸಣ್ಣ ವೈರು ಬೆಸೆದಾಗಿದೆ. ಇಲ್ಲಿಯವರೆಗೆ ಬೆರಳಿಟ್ಟರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತಿತ್ತು. ಕೆಳಕ್ಕೆ ಇಳಿಸಬೇಕೆಂದರೆ ರೆಸಿಸ್ಟರಿನ ಒಂದು ಕಾಲನ್ನಾದರೂ ಬೋರ್ಡಿನಿಂದ ಬಿಡಿಸಲೇಬೇಕು. ಕಟ್ಟರಿನಿಂದ ಕತ್ತರಿಸುವುದು ಸುಲಭ, ಅಂಗಡಿಯವರು ಕಟ್ಟರನ್ನು ಮುಂದೆ ಚಾಚಿಯೂ ಇದ್ದಾರೆ. ಆದರೆ ಕತ್ತರಿಸಿದರೆ ಮೋಟು ಕಾಲು ಮತ್ತೆ ಕೂರುವುದು ಕಷ್ಟ, ಹುಡುಗನಿಗೆ ಅವನ ಹಾಡು ಹಿಂದಿನ ಶ್ರುತಿಯಲ್ಲಿ ಬೇಕು. ಸೀಸ ಕರಗಿಸಿ ಎತ್ತುತ್ತೇನೆ ಎನ್ನುತ್ತೀರಿ.

ಸೋಲ್ಡರಿಂಗ್ ಐರನ್ನಿನ ತುದಿ ಒತ್ತುತ್ತೀರಿ. ಹೊಗೆಯ ಎಳೆ ನೇರ ಕಣ್ಣಿಗೆ ಬರುತ್ತದೆ, ಕಣ್ಣು ಮುಚ್ಚುವ ಹಾಗಿಲ್ಲ. ಸೀಸದ ಬೊಟ್ಟು ಮಂಕಾಗಿದ್ದದ್ದು ಕನ್ನಡಿಯಾಗಿ ಮಿನುಗುತ್ತದೆ. ಚಿಮಟದಿಂದ ಕಾಲು ಹಿಡಿಯುತ್ತೀರಿ.

ಕರೆಂಟು ಹೋಗುತ್ತದೆ.

ಬಲ್ಬು, ಫ್ಯಾನು, ರಸ್ತೆಯಾಚೆಯ ಟಿವಿ, ಎಲ್ಲ ಒಟ್ಟಿಗೆ. ಹಿಟ್ಟಿನ ಗಿರಣಿಯ ಬೆಲ್ಟು ಉಸಿರು ಬಿಡುತ್ತ ನಿಲ್ಲುತ್ತದೆ. ಕತ್ತಲಲ್ಲಿ ನಿಮ್ಮ ಬಲಗೈಯಲ್ಲಿ ಆರುತ್ತಿರುವ ಐರನ್ನು, ಎಡಗೈಯಲ್ಲಿ ಚಿಮಟ, ಚಿಮಟದಲ್ಲಿ ಕಾಲು. ಸೀಸ ಗಟ್ಟಿಯಾಗುತ್ತಿದೆ. ಈಗ ಎಳೆಯಬೇಕೇ? ಗಟ್ಟಿಯಾದ ಮೇಲೆ ಎಳೆದರೆ ಕಾಲಿನ ಜೊತೆ ತಾಮ್ರದ ಗೆರೆಯೂ ಎದ್ದು ಬರುತ್ತದೆ, ಎದ್ದ ಗೆರೆಯನ್ನು ಸರಿಮಾಡುವುದು ಕಷ್ಟ. ಬಿಡಬೇಕೇ? ಬಿಟ್ಟರೆ ಕರೆಂಟು ಯಾವಾಗ ಬರುತ್ತದೋ. ಐರನ್ನಿನಲ್ಲಿ ಇನ್ನೂ ಸ್ವಲ್ಪ ಬಿಸಿ ಇದೆ. "ಮೊಬೈಲು, ಮೊಬೈಲು!" ಯಾರೋ ಟಾರ್ಚ್ ಹಾಕುತ್ತಾರೆ. ಬೆಳಕು ಗೋಡೆಗೆ, ಚಾವಣಿಗೆ, ಬೋರ್ಡಿಗೆ. ಒತ್ತಿ. ಇನ್ನೂ ಒತ್ತಿ. ಬೊಟ್ಟು ಮಿನುಗಿತೇ? ಮಿನುಗಿತು. ಎತ್ತಿ!

ಬಂತು. ಕಾಲು ಗಾಳಿಯಲ್ಲಿ ನಿಂತಿದೆ, ತಾಮ್ರ ಬೋರ್ಡಿನ ಮೇಲೆಯೇ ಇದೆ.

ಈಗ ಚಿಪ್ಪಿಗೆ ನಾಡಿಯಿಲ್ಲ. ಎರಡು ವೈರುಗಳು ಬೋರ್ಡಿನಿಂದ ಹೊರಗೆ ಚಾಚಿವೆ, ಅವುಗಳ ನಡುವೆ ಏನಿಟ್ಟರೆ ಅದೇ ನಾಡಿ. ತಿರುಗಿಸಿ ಅಡ್ಡಿಯನ್ನು ಏರಿಳಿಸಲು ವಾಲ್ಯೂಮ್ ಕಂಟ್ರೋಲೊಂದನ್ನು ಬೆಸೆಯುವ ಯೋಚನೆಯಿತ್ತು. ಆದರೆ ಐರನ್ನು ತಣ್ಣಗಾಗಿದೆ. ಟಾರ್ಚಿನವರ ಬ್ಯಾಟರಿ ಕಡಿಮೆಯಿತ್ತು, ಅದೂ ಆರಿದೆ. ಆಟಿಕೆಗೆ ಮಾತ್ರ ಕರೆಂಟಿನ ಹಂಗಿಲ್ಲ. ಕತ್ತಲಲ್ಲಿ ತಡಕಿ ಒಂದು ವೈರನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿರಿ. ಇನ್ನೊಂದನ್ನು ಬಲಗೈಯಲ್ಲಿ. ಹುಡುಗಾ, ಗುಂಡಿ ಒತ್ತಪ್ಪ.

ಏಳುವ ಸದ್ದು ಎಷ್ಟು ಕೆಳಗಿನದೆಂದರೆ ಮೊದಲು ಅದು ಹಾಡೆಂದೇ ತಿಳಿಯುವುದಿಲ್ಲ. ಮೇಜಿನ ಹಲಗೆ ಮೊಣಕೈಗೆ ತಿಳಿಯುವಷ್ಟು ಅದುರುತ್ತದೆ. ಆಮೇಲೆ ಹುಡುಗನೇ ಗುರುತಿಸುತ್ತಾನೆ: ಅದೇ ಕ್ರಿಸ್ಮಸ್ ಧಾಟಿ, ಒಂದೊಂದು ಸ್ವರ ಒಂದೊಂದು ಹೆಜ್ಜೆ, ತೆವಳುತ್ತಿದೆ. ತೆಳ್ಳಗಿದ್ದ ಸದ್ದು ಈಗ ಮೆಟ್ಟಿಲು ಮೆಟ್ಟಿಲಾಗಿ ಒರಟೊರಟು. ಚಿಪ್ಪು ಸ್ವರವನ್ನು ತುಂಡು ತುಂಡಾಗಿ ಜೋಡಿಸುವುದು ಕಿವಿಗೇ ಕಾಣುತ್ತದೆ. ಗೋಡೆಯ ಕರೆಂಟಿನ ನಡುಕವೂ ಇಲ್ಲ, ಊರೇ ಆರಿದೆಯಲ್ಲ. ಈಗಿರುವುದು ನಿಮ್ಮದೇ ಮೈ: ಎಡಗೈಯಿಂದ ಎದೆ ಹಾಯ್ದು ಬಲಗೈವರೆಗೆ. ವೈರನ್ನು ಬಿಗಿಯಾಗಿ ಒತ್ತಿದರೆ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪೂರ್ತಿ ಬಿಟ್ಟರೆ ಏನೂ ಇಲ್ಲ. ನೀವು ಹಿಡಿದಿರುವವರೆಗೆ ಮಾತ್ರ ಅದಕ್ಕೆ ಕಾಲ ಓಡುತ್ತದೆ.

ಆಗ ಹೊಲದ ಕಡೆಯಿಂದ ಢಂ ಎಂದು ಸಿಡಿಯುತ್ತದೆ.

ಯಾರೂ ಮಾತಾಡುವುದಿಲ್ಲ. ನಿಮ್ಮ ಎದೆ ಒಮ್ಮೆ ಬಡಿದು ನಿಂತಂತಾಗುತ್ತದೆ. ಇಲ್ಲಿ ನಿಮಗೊಂದು ಮಾತು ಗೊತ್ತಿರಬೇಕು. ಈ ಸುತ್ತಿನ ಹಳ್ಳಿಗಳಿರುವುದು ಕಾಡಿನ ನಡುವೆ, 2013ರಲ್ಲಿ ವನ್ಯಧಾಮವಾದ ಮಾದಪ್ಪನ ಬೆಟ್ಟದ ಕಾಡು ಇದು. ಹೊಲಕ್ಕೆ ಆನೆ ಇಳಿದರೆ ಜನ ಪಟಾಕಿ ಸಿಡಿಸಿ ಅಟ್ಟುತ್ತಾರೆ. ಮೊದಲ ಗಳಿಗೆಯಲ್ಲಿ ಮಕ್ಕಳ ತಲೆಗೆ ಬರುವುದು ಆನೆ. ಅಂಗಡಿಯವರ ವಯಸ್ಸಿನವರಿಗೆ ಇನ್ನೂ ಒಂದು ಸದ್ದು ನೆನಪಿದೆ. 1993ರ ಏಪ್ರಿಲ್ 9ರಂದು ಬೆಟ್ಟದಾಚೆ ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಆ ಕಾಲದಲ್ಲಿ ಸೆಲ್ಲು, ಉದ್ದನೆ ವೈರು ಎಂದರೆ ಬೇರೆಯೇ ಅರ್ಥ. "ವೈರು ಇಡ್ಕಂಡು ಆಚ್ಗೆ ಓಗ್ಬ್ಯಾಡಿ ಸಾ," ಎಂದು ಅವರು ಸಂಜೆ ನಕ್ಕು ಹೇಳಿದ್ದು ಪೂರ್ತಿ ತಮಾಷೆಯಲ್ಲ.

ಸಿಡಿತದ ಸದ್ದು ಅಡಗಿದೆ. ಒಂದು, ಎರಡು ಸೆಕೆಂಡು. ಆಮೇಲೆ, ಎಲ್ಲರೂ ಸುಮ್ಮನಿರುವಾಗ, ನಿಮ್ಮ ಕೈಯಲ್ಲಿರುವುದು ಏರತೊಡಗುತ್ತದೆ.

ನೀವು ಬೆರಳು ಅಲುಗಿಸಿಲ್ಲ. ಹಾಡು ತಾನಾಗಿ ಎತ್ತರಕ್ಕೆ ಹೋಗುತ್ತಿದೆ, ಅರ್ಧ ಸ್ವರ, ಒಂದು ಸ್ವರ, ಎರಡು. ತಾಳ ಬಿರುಸಾಗುತ್ತಿದೆ. ಬೆಚ್ಚಿದ ಮೈ ಅಂಗೈಗೆ ಬೆವರು ಕಳಿಸಿದೆ. ಬೆವರಿಳಿಯಲು ಆ ಒಂದೆರಡು ಸೆಕೆಂಡು ಬೇಕು, ಬೆವರಿನಿಂದ ಚರ್ಮದ ಅಡ್ಡಿ ಇಳಿಯಿತು. ಪೊಲೀಸರ ಸುಳ್ಳು ಹಿಡಿಯುವ ಯಂತ್ರ ಅಳೆಯುವುದರಲ್ಲಿ ಇದೂ ಒಂದು, ಅದು ಗೆರೆ ಎಳೆದು ತೋರಿಸುತ್ತದೆ. ಇಲ್ಲಿ ನಿಮ್ಮ ಹೆದರಿಕೆಯನ್ನು ಇಡೀ ಅಂಗಡಿ ಕೇಳುತ್ತಿದೆ. ನಿಧಾನಿಸಿ, ಉಸಿರು ಬಿಡಿ. ಇಳಿಯುವುದಿಲ್ಲ. ಕೇಳಿಸುತ್ತಿದೆ ಎಂಬ ನಾಚಿಕೆಗೆ ಇನ್ನಷ್ಟು ಏರುತ್ತದೆ.

"ಸಾ ಎದ್ರುಕಂಡವ್ರೆ!" ಕತ್ತಲಲ್ಲಿ ಹುಡುಗ ಕೂಗುತ್ತಾನೆ. ಎಲ್ಲರಿಗೂ ನಗು ಒಡೆಯುತ್ತದೆ. ಹೊಲದ ಕಡೆಯಿಂದ ಹೋ ಎಂದು ಅಟ್ಟುವ ದನಿಗಳು, ಇನ್ನೊಂದು ಪಟಾಕಿ. ಆನೆಯೇ.

ಕರೆಂಟು ಬರುವುದು ಊಟದ ಹೊತ್ತಿಗೆ. ಬಲ್ಬು ಹತ್ತುತ್ತಲೇ ವೈರು ಹಿಡಿದ ಕೈಯಿಂದ ಗುಂಯ್ ನಡುಕ ಮರಳುತ್ತದೆ. ಇನ್ನು ಕೆಲಸ ಬೇಗ ಸಾಗುತ್ತದೆ. ವಾಲ್ಯೂಮ್ ಕಂಟ್ರೋಲಿನ ಮಾತು ಯಾರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಹೊರಗಿನಿಂದ ಮುಟ್ಟಲು ಎರಡು ಲೋಹದ ಬೊಟ್ಟು ಬೇಕು. ಹಳೇ ಐವತ್ತು ಪೈಸೆ ಹುಡುಕಿ ತರುತ್ತೀರಿ, ಸ್ಟೀಲಿಗೆ ಸೀಸ ಕೂರದೆ ಉರುಳಿ ಬೀಳುತ್ತದೆ. ಅಂಗಡಿಯವರು ಡಬ್ಬಿ ತಡಕಿ ಎರಡು ಹಿತ್ತಾಳೆ ಸ್ಕ್ರೂ ಕೊಡುತ್ತಾರೆ, ಅವಕ್ಕೆ ಕೂರುತ್ತದೆ. ನಡುವೆ ಒಂದು ಸ್ವಿಚ್ಚು: ಈ ಕಡೆ ಹಾಕಿದರೆ ಹಳೇ ರೆಸಿಸ್ಟರು, ಹುಡುಗನ ಹಾಡು ಅವನ ಶ್ರುತಿಯಲ್ಲಿ. ಆ ಕಡೆ ಹಾಕಿದರೆ ಮುಟ್ಟಿದವರ ಮೈ.

ಮುಚ್ಚಳ ಹಾಕುವ ಮೊದಲೇ ಮಕ್ಕಳು ನೆರೆದಿದ್ದಾರೆ. ಹುಡುಗ ಎರಡು ಸ್ಕ್ರೂ ಮೇಲೆ ಎರಡು ಕೈಯಿಡುತ್ತಾನೆ. ಪುಟ್ಟ ಹಸಿ ಬೆರಳು, ಹಾಡು ಚುರುಕಾಗಿ ಹೊರಡುತ್ತದೆ. ಒಂದು ಸ್ಕ್ರೂ ಅವನು, ಇನ್ನೊಂದು ಅವನ ಗೆಳೆಯ, ನಡುವೆ ಇಬ್ಬರೂ ಕೈ ಹಿಡಿದರೆ ಇಳಿಯುತ್ತದೆ. ಮೂರನೆಯವನು ಸೇರಿದರೆ ಇನ್ನೂ ಇಳಿಯುತ್ತದೆ. ಸಾಲಿನಲ್ಲಿ ಯಾರೋ ಯಾರಿಗೋ ಕಚಗುಳಿ ಇಟ್ಟರೆ ಹಿಡಿತ ಬಿಗಿಯಾಗಿ ಮೇಲಕ್ಕೆ ಹಾರುತ್ತದೆ.

"ಎನ್ನಡಾ ಇದು?" ಎನ್ನುತ್ತ ಹುಡುಗನ ಅಜ್ಜಿ ಬರುತ್ತಾರೆ, ಊಟಕ್ಕೆ ಕರೆಯಲು. ಈ ಊರೂ ಸೇರಿದ ಕೊಳ್ಳೇಗಾಲದ ಸೀಮೆ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಊರಿನ ಮನೆಮಾತು ಈಗಲೂ ಹೆಚ್ಚಾಗಿ ತಮಿಳು. "ಪಾಟೀ, ಕೈ ಕುಡು," ಎಂದು ಹುಡುಗ ಅವರನ್ನೂ ಸಾಲಿಗೆ ಎಳೆಯುತ್ತಾನೆ. ಅವರು ಒಲ್ಲೆ ಎನ್ನುತ್ತಲೇ ಒಂದು ಕೈ ಅವನಿಗೆ ಕೊಟ್ಟು, ಇನ್ನೊಂದು ಕೈಯ ಬೆರಳನ್ನು ಹಿತ್ತಾಳೆಯ ಮೇಲಿಡುತ್ತಾರೆ.

ಟಿಕ್. ಬಹಳ ಹೊತ್ತು ಬಿಟ್ಟು, ಟಿಕ್.

ಕುಡುಗೋಲು, ಮಣ್ಣು, ಸೌದೆ ಹಿಡಿದು ಕಾಯಿಗಟ್ಟಿದ ಅಂಗೈ. ಕರೆಂಟು ಅದನ್ನು ದಾಟುವುದಿಲ್ಲ. ಮಕ್ಕಳು ಕೆಟ್ಟುಹೋಯಿತೆಂದು ಅಂಗಡಿಯವರ ಮುಖ ನೋಡುತ್ತಾರೆ. ಅವರು ಕುಡಿಯುವ ನೀರಿನ ಚೊಂಬನ್ನು ಮುಂದೆ ತಳ್ಳುತ್ತಾರೆ.

"ಕೈ ಅದ್ದಿ ಇಡವ್ವಾ."

ಅಜ್ಜಿ ಎರಡೂ ಕೈ ಮಣಿಕಟ್ಟಿನವರೆಗೆ ಅದ್ದಿ, ಕೊಡವದೆ, ನೀರು ಸುರಿಯುತ್ತಿರುವಾಗಲೇ ಮೊಮ್ಮಗನನ್ನು ಬದಿಗೆ ಸರಿಸಿ ಎರಡು ಸ್ಕ್ರೂಗಳ ಮೇಲೂ ತಾವೇ ಒತ್ತುತ್ತಾರೆ. ಹಾಡು ಕೀರಿಟ್ಟು ಓಡುತ್ತದೆ. ಅಂಗಡಿಯವರು "ಬೋರ್ಡಿಗೆ ನೀರು, ಬೋರ್ಡಿಗೆ ನೀರು!" ಎಂದು ಬಟ್ಟೆ ಹುಡುಕುತ್ತಾರೆ, ಅಜ್ಜಿ ಕೈ ತೆಗೆಯುವುದಿಲ್ಲ.